ಅಪ್‌ಡೇಟ್: ಏರ್ ಪಿಸ್ತೂಲಿನ ಹಳೆಯ ಪೆಲೆಟ್, ಹೊಸ ಪೆಲೆಟ್

ಎರಡು ವಾರಗಳ ಹಿಂದೆ ನಾನು ಕೇಳಿದ್ದು ಇಷ್ಟು: ಮಂಡ್ಯದ ನಮ್ಮ ಮನೆಯ ಬೀರುವಿನಲ್ಲಿ ಏಳು ವರ್ಷಗಳಿಂದ ಉಳಿದಿದ್ದ ಏರ್ ಪಿಸ್ತೂಲಿನ 4.5 ಮಿ.ಮೀ. ಪೆಲೆಟ್‌ಗಳ, ಅಂದರೆ ಸೀಸದ ಸಣ್ಣ ಗುಂಡುಗಳ, ಡಬ್ಬಿಯನ್ನು ತೆರೆದು 10 ಮೀಟರ್ ಅಭ್ಯಾಸಕ್ಕೆ ಬಳಸಿದಾಗ ಗುರಿ ಚದುರುತ್ತಿದೆ. ದೋಷ ನನ್ನ ಕೈಯದೋ, ಪೆಲೆಟ್‌ನದೋ? ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ನಳಿಗೆಯನ್ನು ಶುಚಿಗೊಳಿಸುವ ಸಲಹೆಯಿಂದ ವ್ಯತ್ಯಾಸವೇನೂ ಕಾಣಲಿಲ್ಲ. ತೂಕ ನೋಡಿ ವಿಂಗಡಿಸುವುದೂ ಫಲಿಸಲಿಲ್ಲ. ಚಿನ್ನದ ಕೆಲಸ ಮಾಡುವ ಸ್ನೇಹಿತರ ತಕ್ಕಡಿಯಲ್ಲಿ ಹಳೆಯ ಡಬ್ಬಿ, ಹೊಸ ಡಬ್ಬಿ ಎರಡರ ಪೆಲೆಟ್‌ಗಳೂ ತಲಾ 0.53 ಗ್ರಾಂ ಆಸುಪಾಸಿನಲ್ಲೇ ತೂಗಿದವು. ಪಿಸ್ತೂಲನ್ನು ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ, ಕೈಯ ನಡುಕವನ್ನು ಲೆಕ್ಕದಿಂದ ಹೊರಗಿಟ್ಟು, ಎರಡರಿಂದಲೂ ಐದೈದು ಬಾರಿ ಹೊಡೆದು ಹೋಲಿಸಿರಿ ಎಂದು ಹಿರಿಯ ಶೂಟರ್ ಒಬ್ಬರು ಹೇಳಿದ್ದೇ ಕೊನೆಗೆ ಕೈಹಿಡಿಯಿತು. ಹೊಸವು ಐದೂ ಗುರಿಹಾಳೆಯ ನಡುವಿನ 11.5 ಮಿ.ಮೀ. ವ್ಯಾಸದ ಹತ್ತು ಅಂಕದ ವೃತ್ತದಲ್ಲಿ ಒಂದನ್ನೊಂದು ತಬ್ಬಿಕೊಂಡಂತೆ ಬಿದ್ದವು. ಹಳೆಯವು ಎಂಟು ಅಂಕದ ವೃತ್ತದವರೆಗೂ ಹರಡಿದವು.

ಕಾರಣವನ್ನು ಭೂತಗನ್ನಡಿ ತೋರಿಸಿತು. ಹಳೆಯ ಪೆಲೆಟ್‌ಗಳ ಹಿಂಬದಿಯ ತೆಳುವಾದ ಅಂಚು ಅಲ್ಲಲ್ಲಿ ನೆಗ್ಗಿತ್ತು, ನಡುವಿನ ಕಿರಿದಾದ ಸೊಂಟದ ಸುತ್ತ ಬೂದಿಯಂಥ ಬಿಳಿ ಪುಡಿ ಕಟ್ಟಿತ್ತು. ಆ ಅಂಚು ನಳಿಗೆಗೆ ಸಮನಾಗಿ ಒತ್ತಿಕೊಳ್ಳದಿದ್ದರೆ ಗಾಳಿ ಪಕ್ಕದಿಂದ ಸೋರುತ್ತದೆ, ವೇಗವೂ ಹೊಡೆತದಿಂದ ಹೊಡೆತಕ್ಕೆ ಬದಲಾಗುತ್ತದೆ. ನಾನು ನಿರೀಕ್ಷಿಸದಿದ್ದ ಸಂಗತಿಯೆಂದರೆ, ಆ ಬಿಳಿ ಪುಡಿ ತೇವ ತಗುಲಿದ ಸೀಸದಿಂದಲೇ ಹುಟ್ಟುವಂಥದ್ದು ಮತ್ತು ವಿಷಕಾರಿ; ಅದನ್ನು ಊದಬಾರದು, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದು. ಮನೆಯಲ್ಲಿ ಮಕ್ಕಳಿರುವವರು ದಯವಿಟ್ಟು ಇದನ್ನು ಗಮನಿಸಬೇಕು.

ಹಳೆಯ ಡಬ್ಬಿಯನ್ನು ಟೇಪು ಸುತ್ತಿ ಎತ್ತಿಟ್ಟಿದ್ದೇನೆ, ಹೊಸದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಹಾಕಿದ್ದೇನೆ.