ಸಹಾಯ ಬೇಕು: ಸ್ವಿಫ್ಟ್ ಡಿಕ್ಕಿಯಲ್ಲಿ ಸಬ್‌ವೂಫರ್ ಯಾವ ಕಡೆ ಮುಖ ಮಾಡಿ ಇಡೋದು?

ಎಲ್ರಿಗೂ ನಮಸ್ಕಾರ. ನಂದು ಸ್ವಿಫ್ಟು, ಡಿಕ್ಕಿಯಲ್ಲಿ 12 ಇಂಚಿನ ಒಂದು ಸಬ್ (ಸಬ್‌ವೂಫರ್, ಅಂದ್ರೆ ಬರೀ ಬೇಸ್ ನುಡಿಸೋ ಸ್ಪೀಕರ್), ಸೀಲ್ಡ್ ಬಾಕ್ಸು (ಗಾಳಿ ಆಡದ ಹಾಗೆ ಪೂರ್ತಿ ಮುಚ್ಚಿರೋದು), ಮೊನೋ ಅಂದ್ರೆ ಒಂದೇ ಚಾನೆಲ್‌ನ ಆಂಪ್ಲಿಫೈಯರ್. ಅಂಗಡಿಯವ್ರು ಸ್ಪೀಕರ್ ಮುಖ ಹಿಂದಿನ ಸೀಟಿನ ಕಡೆ ಮಾಡಿ, ಸೀಟಿಗೆ ಒತ್ತಿ ಕೂರಿಸಿ ಕೊಟ್ರು. ಸಮಸ್ಯೆ ಏನಂದ್ರೆ ಕಾರಿನ ಹಿಂದೆ ನಿಂತು ಕೇಳಿದ್ರೆ ಬೇಸ್ ಭರ್ಜರಿಯಾಗಿದೆ, ಡ್ರೈವರ್ ಸೀಟಲ್ಲಿ ಕೂತ್ರೆ ಮಾತ್ರ ಡೊಳ್ಳಿನ ಪೆಟ್ಟು ಕೂಡ ಎದೆಗೆ ತಾಗಲ್ಲ.

ಭಾನುವಾರ ನಾನೇ ಬಾಕ್ಸ್ ತಿರುಗಿಸಿ ಮುಖ ಹಿಂದಿನ ಬಾಗಿಲ ಕಡೆ ಮಾಡಿ ಅರ್ಧ ಅಡಿ ಜಾಗ ಬಿಟ್ಟೆ, ತಕ್ಷಣ ವ್ಯತ್ಯಾಸ ಗೊತ್ತಾಯ್ತು. 40 ಹರ್ಟ್ಜ್ ಅಲೆ ಅಂದ್ರೆ ಸುಮಾರು 8.5 ಮೀಟರ್ ಉದ್ದ, ಕಾರಿಗಿಂತ ಡಬಲ್, ಹಾಗಾಗಿ ನೇರವಾಗಿ ಬರೋ ಶಬ್ದ, ಬಾಗಿಲಿಗೆ ಬಡಿದು ವಾಪಸ್ ಬರೋ ಶಬ್ದ ಎರಡೂ ನಮ್ಮ ಕಿವಿ ಹತ್ರ ಕೂಡುತ್ತೋ ಕಳೆಯುತ್ತೋ ಅನ್ನೋದೇ ಮುಖ್ಯ ಅಂತ ಅರ್ಥ ಆಗಿದೆ.

ಆದ್ರೂ ಟೆಸ್ಟ್ ಟೋನ್ ಹಾಕಿದ್ರೆ 60 ಹರ್ಟ್ಜ್ ಹತ್ರ ದನಿ ಕುಸಿಯುತ್ತೆ. ಲೋ ಪಾಸ್ (ಅದಕ್ಕಿಂತ ಮೇಲಿನ ದನಿ ಸಬ್‌ಗೆ ಹೋಗದ ಹಾಗೆ ತಡೆಯೋ ಫಿಲ್ಟರ್) 80 ಹರ್ಟ್ಜ್‌ಗೆ ಇಟ್ಟಿದೀನಿ. ಫೇಸ್ ಸ್ವಿಚ್ 180 ಡಿಗ್ರಿಗೆ ಹಾಕಿದ್ರೆ (ಅಂದ್ರೆ ಸಬ್‌ನ ಅಲೆಯನ್ನ ತಲೆಕೆಳಗು ಮಾಡಿದ್ರೆ) ಆ ಕುಸಿತ ತುಂಬುತ್ತೆ, ಆದ್ರೆ ಕೆಳಗಿನ ಆಳವಾದ ಬೇಸ್ ಕಮ್ಮಿ ಅನ್ಸುತ್ತೆ, ನನ್ನ ಕಿವಿ ಮೇಲೆ ಪೂರ್ತಿ ನಂಬಿಕೆ ಇಲ್ಲ.

ಹ್ಯಾಚ್‌ಬ್ಯಾಕ್‌ನಲ್ಲಿ ಮಾಡಿಸಿರೋರು ದಯವಿಟ್ಟು ಹೇಳಿ, ಬಾಗಿಲಿಂದ ಎಷ್ಟು ಇಂಚು ಬಿಟ್ಟಿದೀರಾ? ಮೂಲೆಗೆ ತಳ್ಳಿದ್ರೆ ಒಳ್ಳೇದಾ, ಮಧ್ಯದಲ್ಲೇ ಇರ್ಲಾ? ಮುಖ ಮೇಲಕ್ಕೆ ಮಾಡಿದ್ರೆ ಹೇಗೆ? ಊರಿಗೆ ಹೋಗುವಾಗ ಲಗೇಜ್ ಇಡ್ಬೇಕು, ಅದಕ್ಕೂ ಜಾಗ ಉಳಿಬೇಕು. ನಂಬರ್ ಪ್ಲೇಟ್ ಗಡಗಡ ಅನ್ನೋದಕ್ಕೂ ಏನಾದ್ರೂ ಉಪಾಯ ಇದ್ರೆ ತಿಳಿಸಿ.