ಗ್ರಾಫೀನ್‌ನಲ್ಲಿ ಸ್ಪಿನ್‌ನ ಚಾರ್ಜ್ ಕರೆಂಟ್ ಆಗಿ ಬದಲಾಯಿಸೋದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ, ಎಂಎಸ್‌ಸಿ ಪ್ರಾಜೆಕ್ಟ್‌ಗೆ ಸ್ಪಿನ್‌ಟ್ರಾನಿಕ್ಸ್ (ಎಲೆಕ್ಟ್ರಾನಿನ ಸ್ಪಿನ್, ಅಂದ್ರೆ ಅದರ ಪುಟ್ಟ ಅಯಸ್ಕಾಂತದಂಥ ಗುಣ, ಬಳಸೋ ಎಲೆಕ್ಟ್ರಾನಿಕ್ಸ್) ಓದ್ತಿದೀನಿ, ಒಂದು ಕಡೆ ಸಿಕ್ಕಾಕೊಂಡ್ಬಿಟ್ಟಿದೀನಿ. ಗ್ರಾಫೀನಲ್ಲಿ, ಅಂದ್ರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಲಿ, ಸ್ಪಿನ್-ಆರ್ಬಿಟ್ ಕಪ್ಲಿಂಗ್ (ಎಲೆಕ್ಟ್ರಾನಿನ ಚಲನೆಗೂ ಸ್ಪಿನ್ನಿಗೂ ಇರೋ ನಂಟು) ತುಂಬ ಕಮ್ಮಿ, ಅದಕ್ಕೇ ಸ್ಪಿನ್ ಹಾಳಾಗದೆ ದೂರ ಹೋಗುತ್ತೆ ಅಂತಾರೆ, ಆದ್ರೆ ಸ್ಪಿನ್‌ನ ಚಾರ್ಜ್ ಕರೆಂಟ್ ಆಗಿ ಬದಲಾಯಿಸೋಕೆ ಅದೇ ಕಪ್ಲಿಂಗ್ ಜಾಸ್ತಿ ಬೇಕಂತೆ. ಎರಡೂ ಒಟ್ಟಿಗೆ ಹೇಗೆ? ಮತ್ತೆ ಪ್ಯೂರ್ ಸ್ಪಿನ್ ಕರೆಂಟಲ್ಲಿ ಚಾರ್ಜೇ ಹರಿಯಲ್ಲ ಅಂದ್ಮೇಲೆ ವೋಲ್ಟೇಜ್ ಎಲ್ಲಿಂದ ಬರುತ್ತೆ?

ಉತ್ತರ 1:
ಎರಡನೇದು ಮೊದಲು ಹೇಳ್ತೀನಿ. ಅಪ್ ಸ್ಪಿನ್‌ಗಳು ಮುಂದಕ್ಕೆ, ಅಷ್ಟೇ ಡೌನ್ ಸ್ಪಿನ್‌ಗಳು ಹಿಂದಕ್ಕೆ ಹೋಗ್ತಿವೆ ಅನ್ಕೊಳ್ಳಿ, ಚಾರ್ಜ್ ಲೆಕ್ಕ ಸೊನ್ನೆ. ಈಗ ಸ್ಪಿನ್-ಆರ್ಬಿಟ್ ಕಪ್ಲಿಂಗ್ ಬಂದ್ರೆ ಅಪ್ ಇರೋದು ತನ್ನ ಎಡಕ್ಕೆ ವಾಲುತ್ತೆ, ಡೌನ್ ಇರೋದು ತನ್ನ ಬಲಕ್ಕೆ, ಆದ್ರೆ ಅದರ ಮುಖ ಆ ಕಡೆ ಇದೆಯಲ್ಲ, ಹಾಗಾಗಿ ಎರಡೂ ಹೋಗಿ ಸೇರೋದು ಒಂದೇ ಅಂಚಿಗೆ. ಸ್ಪಿನ್ನೂ ಉಲ್ಟಾ, ದಿಕ್ಕೂ ಉಲ್ಟಾ, ಎರಡು ಉಲ್ಟಾ ಸೇರಿ ಸೀದಾ. ಅಲ್ಲಿ ಚಾರ್ಜ್ ಗುಡ್ಡೆ ಆಗಿದ್ದೇ ನಿಮ್ಮ ವೋಲ್ಟೇಜ್. ಇದೇ ಇನ್ವರ್ಸ್ ಸ್ಪಿನ್ ಹಾಲ್ ಎಫೆಕ್ಟ್. ಇದರ ಉಲ್ಟಾ, ಅಂದ್ರೆ ಚಾರ್ಜ್ ಕರೆಂಟಿಂದ ಸ್ಪಿನ್ ಕರೆಂಟ್ ಬರೋ ಸ್ಪಿನ್ ಹಾಲ್ ಕಲ್ಪನೆಯನ್ನ ಭೌತವಿಜ್ಞಾನಿಗಳಾದ ಡ್ಯಾಕೊನೊವ್, ಪೆರೆಲ್ 1971ರಲ್ಲೇ ಕೊಟ್ಟಿದ್ರು, ಲೋಹದಲ್ಲಿ ಈ ವೋಲ್ಟೇಜ್ ಅಳೆದಿದ್ದು 2006ರಲ್ಲಿ.

ಉತ್ತರ 2:
ಮೊದಲನೇದಕ್ಕೆ ಉತ್ತರ ಅಂದ್ರೆ ಎರಡನ್ನೂ ಒಂದೇ ಜಾಗದಲ್ಲಿ ಮಾಡಲ್ಲ. ಗ್ರಾಫೀನ್ ಪಟ್ಟಿಯ ಒಂದು ಭಾಗ ಬರೀ ಬಿಡ್ತಾರೆ, ಇನ್ನೊಂದು ಕಡೆ ಅದಕ್ಕೆ ಅಂಟಿದ ಹಾಗೆ ಟಂಗ್‌ಸ್ಟನ್ ಡೈಸಲ್ಫೈಡ್ ಅಥವಾ ಮಾಲಿಬ್ಡಿನಮ್ ಡೈಸಲ್ಫೈಡ್ ಪದರ ಕೂರಿಸ್ತಾರೆ, ವ್ಯಾನ್ ಡರ್ ವಾಲ್ಸ್ ಬಲದಲ್ಲೇ ಕೂರೋದ್ರಿಂದ ಎರಡರ ಲ್ಯಾಟಿಸ್ (ಪರಮಾಣುಗಳ ಜೋಡಣೆ) ಹೊಂದ್ಬೇಕು ಅನ್ನೋ ತಲೆನೋವಿಲ್ಲ. ಆ ಭಾರದ ಪರಮಾಣುಗಳ ಕಪ್ಲಿಂಗ್ ಅಷ್ಟು ಜಾಗದ ಗ್ರಾಫೀನ್‌ಗೂ ಹತ್ತುತ್ತೆ, ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನೋದು ಇದನ್ನೇ. ಅಯಸ್ಕಾಂತವಾಗಿರೋ ಕೋಬಾಲ್ಟ್ ಕಾಂಟ್ಯಾಕ್ಟಿಂದ ಗ್ರಾಫೀನಿಗೆ ಇಳಿದ ಸ್ಪಿನ್ ಬರೀ ಗ್ರಾಫೀನಲ್ಲಿ ಮೈಕ್ರಾನ್‌ಗಟ್ಟಲೆ ನಡ್ಕೊಂಡು ಬಂದು ಇಲ್ಲಿ ಕರೆಂಟ್ ಆಗುತ್ತೆ. 2019ರಲ್ಲಿ ಗ್ರಾಫೀನ್-ಮಾಲಿಬ್ಡಿನಮ್ ಡೈಸಲ್ಫೈಡ್ ಜೋಡಿಯಲ್ಲಿ ರೂಮ್ ಟೆಂಪರೇಚರಲ್ಲೇ ತೋರಿಸಿದಾರೆ. ನನಗೆ ಇದರಲ್ಲಿ ತುಂಬ ಇಷ್ಟ ಆಗೋದು ಗೇಟ್ ವೋಲ್ಟೇಜಲ್ಲಿ (ಹೊರಗಿಂದ ಕೊಡೋ ಕಂಟ್ರೋಲ್ ವೋಲ್ಟೇಜ್) ಇದನ್ನ ಹೆಚ್ಚು ಕಮ್ಮಿ ಮಾಡ್ಬಹುದು ಅನ್ನೋದು, ಪ್ಲಾಟಿನಂ ತರ ಲೋಹದಲ್ಲಿ ಹಾಗೆ ಸುಲಭಕ್ಕೆ ಆಗಲ್ಲ.

ಉತ್ತರ 3:
ಒಂದು ಮಾತು, ವೋಲ್ಟೇಜ್ ಬಂತು ಅಂತ ತಕ್ಷಣ ನಂಬ್ಬೇಡಿ. ಕಾಂಟ್ಯಾಕ್ಟ್ ಬಿಸಿ ಆದ್ರೂ ಬರುತ್ತೆ, ಮಾಮೂಲಿ ಹಾಲ್ ಎಫೆಕ್ಟಿಂದಾನೂ (ಮ್ಯಾಗ್ನೆಟಿಕ್ ಫೀಲ್ಡ್ ಕರೆಂಟನ್ನ ಪಕ್ಕಕ್ಕೆ ತಳ್ಳೋದು) ಬರುತ್ತೆ, ನಾನು ಇದರಲ್ಲೇ ತಿಂಗಳುಗಟ್ಟಲೆ ಕಳ್ದಿದೀನಿ. ಹ್ಯಾನ್ಲೆ ಟೆಸ್ಟ್ ಮಾಡಿ, ಅಂದ್ರೆ ಮ್ಯಾಗ್ನೆಟಿಕ್ ಫೀಲ್ಡ್ ಕೊಟ್ಟು ಸ್ಪಿನ್ ತಿರುಗಿಸಿ. ಪಟ್ಟಿಯ ಉದ್ದಕ್ಕೆ ಫೀಲ್ಡ್ ಕೊಟ್ರೆ ಸ್ಪಿನ್ ಪದರದಿಂದ ಮೇಲಕ್ಕೇಳುತ್ತೆ, ಆಗ ಬರೋದು ಇನ್ವರ್ಸ್ ಸ್ಪಿನ್ ಹಾಲ್ ಸಿಗ್ನಲ್. ಪದರಕ್ಕೆ ಲಂಬವಾಗಿ ಕೊಟ್ರೆ ಪದರದೊಳಗೇ ತಿರುಗುತ್ತೆ, ಅದು ಇನ್ವರ್ಸ್ ರಾಶ್ಬಾ-ಎಡೆಲ್‌ಸ್ಟೈನ್, ಸ್ಪಿನ್ ಚಾರ್ಜ್ ಕರೆಂಟ್ ಆಗೋ ಇನ್ನೊಂದು ದಾರಿ. ಎರಡರಲ್ಲೂ ಕೋಬಾಲ್ಟ್ ಮ್ಯಾಗ್ನೆಟೈಸೇಶನ್ ಉಲ್ಟಾ ಮಾಡಿದ್ರೆ ಸಿಗ್ನಲ್ಲೂ ಉಲ್ಟಾ ಆಗ್ಲೇಬೇಕು, ಆಗ್ಲಿಲ್ಲ ಅಂದ್ರೆ ಅದು ಸ್ಪಿನ್ ಅಲ್ಲ.

ಪ್ರಶ್ನೆ ಕೇಳಿದವರು:
ತುಂಬ ಥ್ಯಾಂಕ್ಸ್ ಸರ್, ಎರಡು ಉಲ್ಟಾ ಸೇರಿ ಸೀದಾ ಅಂದಾಗ್ಲೇ ಅರ್ಥ ಆಯ್ತು. ಕೋಬಾಲ್ಟ್ ಉಲ್ಟಾ ಮಾಡೋದು ನನ್ನ ಪ್ಲಾನಲ್ಲೇ ಇರ್ಲಿಲ್ಲ, ಇವತ್ತೇ ಸೇರಿಸ್ತೀನಿ.