ಪದಚರ್ಚೆ: ‘ಸ್ಟೇರಿಂಗ್ ಟೈಟು’ ಅಂದ್ರೆ ಯಾವ ಟೈಟು?

ಎಲ್ರಿಗೂ ನಮಸ್ಕಾರ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಕಾಫಿ, ಮೆಣಸು, ತರಕಾರಿ ಲೋಡ್ ಹೊಡೆಯೋ ಪಿಕಪ್ ಡ್ರೈವರ್‌ಗಳಿಗೆ ಅಂತ ಪವರ್ ಸ್ಟೇರಿಂಗ್ ತೊಂದರೆಗಳ ಬಗ್ಗೆ ಒಂದು ಹಾಳೆ ಬರೀತಾ ಇದೀನಿ, ಗ್ಯಾರೇಜ್ ಗೋಡೆಗೆ ಅಂಟಿಸೋ ಥರದ್ದು. ಪಾರ್ಟುಗಳ ಹೆಸರಿನ ಬಗ್ಗೆ ನಂಗೇನೂ ತಕರಾರಿಲ್ಲ, ಆಯಿಲ್ ಒತ್ತೋ ಪಂಪು, ಅದನ್ನ ತಿರುಗಿಸೋ ಬೆಲ್ಟು, ಆಯಿಲ್ ಹರಿಯೋ ಹೋಸು, ಚಕ್ರ ತಿರುಗಿಸೋ ರ‍್ಯಾಕು, ಅದನ್ನ ಚಕ್ರಕ್ಕೆ ಕೂಡಿಸೋ ಟೈರಾಡ್ ಎಂಡು ಎಲ್ಲ ಹಾಗೇ ಇರ್ಲಿ, ಅವನ್ನ ಕನ್ನಡಕ್ಕೆ ತಂದು ಯಾರನ್ನ ಉದ್ಧಾರ ಮಾಡ್ಬೇಕು. ಸ್ಟೇರಿಂಗ್‌ಗೆ ಚುಕ್ಕಾಣಿ ಅಂತ ಬರೀರಿ ಅಂದ್ರು ಒಬ್ರು. ಅದು ಅರಬ್ಬಿಯ ಸುಕ್ಕಾನ್‌ನಿಂದ ಬಂದ ಹಡಗಿನ ಪದ, ಈಗ ಪಕ್ಷದೋರು ಸರ್ಕಾರದೋರು ಹಿಡ್ಕೊಂಡಿದಾರೆ, ಅವರ ಹತ್ರಾನೇ ಇರ್ಲಿ. ನನ್ನ ತಲೆನೋವು ತೊಂದರೆನ ಹೇಳೋ ಪದಗಳದ್ದು.

ಇಲ್ಲಿ ಏನೇ ಆದ್ರೂ ‘ಸ್ಟೇರಿಂಗ್ ಟೈಟಾಗಿದೆ’. ಡ್ರೈವರ್ ಬಂದು ಅಷ್ಟು ಹೇಳ್ತಾನೆ, ಮೆಕ್ಯಾನಿಕ್ ನೇರ ಪಂಪಿಗೆ ಕೈ ಹಾಕ್ತಾನೆ, ಪಂಪು ಬದಲಾದ ಮೇಲೂ ಟೈಟು ಟೈಟಾಗೇ ಇರುತ್ತೆ. ಯಾಕಂದ್ರೆ ಒಂದೇ ಟೈಟೊಳಗೆ ಬೇರೆ ಬೇರೆ ಕಾಯಿಲೆ ಇವೆ. ಕಣದಲ್ಲಿ ಗಾಡಿ ರಿವರ್ಸ್ ತಗೋಬೇಕಾದ್ರೆ ಎರಡೂ ಕೈ ಹಾಕಿ ಎಳೀಬೇಕು, ಆಕ್ಸಿಲೇಟರ್ ಒತ್ತಿದ ತಕ್ಷಣ ಹಗುರ ಆಗುತ್ತೆ ಅಂದ್ರೆ ಅದು ಬೆಲ್ಟ್ ಜಾರ್ತಿರೋದು, ಆಯಿಲ್ ಕಮ್ಮಿ ಇರೋದು, ಇಲ್ಲಾ ಪಂಪು ಸವೆದಿರೋದು. ಮುಂದಿನ ಟೈರಲ್ಲಿ ಗಾಳಿ ಇಲ್ದಿದ್ರೂ ತಿರುಗ್ಸೋಕೆ ಕಷ್ಟಾನೇ, ಆದ್ರೆ ಆಕ್ಸಿಲೇಟರ್ ಕೊಟ್ಟ ಮಾತ್ರಕ್ಕೆ ಅದು ಅಷ್ಟಾಗಿ ಹಗುರ ಆಗಲ್ಲ. ಇನ್ನೊಂದಿದೆ, ತಿರುಗಿಸ್ತಾ ಹೋದ್ರೆ ಎಲ್ಲ ಸರಿ ಇರುತ್ತೆ, ಪ್ರತಿ ಅರ್ಧ ಸುತ್ತಿಗೆ ಒಂದು ಕಡೆ ಗಕ್ಕಂತ ಹಿಡ್ಕೊಂಡು ಆಮೇಲೆ ಬಿಡುತ್ತೆ. ಅದು ಸ್ಟೇರಿಂಗ್ ರಾಡಿನ ಕೆಳಗಿರೋ ಜಾಯಿಂಟು ಒಣಗಿ ತುಕ್ಕು ಹಿಡಿದಿರೋದು, ನಮ್ಮ ಮಳೆಗಾಲ ಕಳೆದ ಮೇಲೆ ನೋಡಿ ಬೇಕಾದ್ರೆ. ಪಂಪಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಮತ್ತೊಂದು, ಎಡಕ್ಕೆ ಸಲೀಸು ಬಲಕ್ಕೆ ಮಾತ್ರ ಕಷ್ಟ, ಅದು ಹೆಚ್ಚಾಗಿ ರ‍್ಯಾಕ್ ಒಳಗಿನ ವಾಲ್ವು ಅಥವಾ ಸೀಲು. ಆಮೇಲೆ ತಿರುವು ಮುಗಿದ್ರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರದೇ ಇರೋದು, ಅದನ್ನೂ ಟೈಟು ಅಂತಾನೇ ಹೇಳ್ತಾರೆ.

ಇವಕ್ಕೆಲ್ಲ ಬೇರೆ ಬೇರೆ ಪದ ಬೇಕು. ಮೊದಲನೇದಕ್ಕೆ ‘ಭಾರ’ ಅಂತ ಹಾಕಿದೀನಿ, ‘ಸ್ಟೇರಿಂಗ್ ಭಾರ ಆಗಿದೆ’ ಅಂದ್ರೆ ಯಾರಿಗಾದ್ರೂ ತಿಳಿಯುತ್ತೆ. ಅರ್ಧ ಸುತ್ತಿಗೊಮ್ಮೆ ಗಕ್ಕಂತ ಹಿಡ್ಕೊಳ್ಳೋದಕ್ಕೆ ‘ಕಚ್ಕೊಳ್ಳುತ್ತೆ’, ಬೀಗ, ಬೋಲ್ಟು, ಕಿಟಕಿ ಬಾಗಿಲಿಗೆಲ್ಲ ಇದೇ ಮಾತು ಬಳಸ್ತೀವಲ್ಲ. ಒಂದೇ ಕಡೆ ಕಷ್ಟ ಆಗೋದಕ್ಕೆ ಪದ ಬೇಡ, ‘ಬಲಕ್ಕೆ ಭಾರ’ ಅಂದ್ರೆ ಸಾಕು. ಕೊನೇದಕ್ಕೆ ಮಾತ್ರ ಏನೂ ಹೊಳೀತಿಲ್ಲ. ‘ರಿಟರ್ನ್ ಆಗಲ್ಲ’ ಅಂತಾರೆ ಗ್ಯಾರೇಜಲ್ಲಿ. ‘ಮರಳಲ್ಲ’ ಅಂದ್ರೆ ನಾಟಕದ ಡೈಲಾಗ್ ಆಯ್ತು. ಪೆಡಸು ಅನ್ನೋದು ಅದಕ್ಕೆ ಹೊಂದುತ್ತಾ?

ಸಡಿಲದ ಕಡೆ ಬಂದ್ರೆ ಎಲ್ಲದಕ್ಕೂ ‘ಪ್ಲೇ’. ಸ್ಟೇರಿಂಗ್ ಸ್ವಲ್ಪ ಆ ಕಡೆ ಈ ಕಡೆ ಅಲ್ಲಾಡಿಸಿದ್ರೂ ಚಕ್ರ ಅಲ್ಲಾಡಲ್ಲ ಅಂದ್ರೆ ಅದು ನಿಜವಾದ ಪ್ಲೇ, ಟೈರಾಡ್ ಎಂಡ್, ರ‍್ಯಾಕ್ ಬುಶ್ ಇವನ್ನ ನೋಡ್ಬೇಕು, ಅದಕ್ಕೆ ನಮ್ಮ ‘ಅಳ್ಳಕ’ ಚೆನ್ನಾಗಿ ಕೂರುತ್ತೆ. ಆದ್ರೆ ಹಾಸನದ ಹೈವೇಲಿ ನೇರ ಹೋಗ್ತಾ ಇದ್ರೂ ಗಾಡಿ ಎಡಕ್ಕೆ ಹೋಗುತ್ತೆ ಅನ್ನೋದು ‘ಎಳೆಯೋದು’, ಅದು ಟೈರ್ ಗಾಳಿ, ಅಲೈನ್‌ಮೆಂಟು, ಇಲ್ಲಾ ಒಂದು ಕಡೆ ಬ್ರೇಕ್ ಹಿಡಿದಿರೋದು. ಸ್ಪೀಡಲ್ಲಿ ಮಾತ್ರ ಕೈಗೆ ಬರೋ ‘ನಡುಕ’ಕ್ಕೆ ಮೊದಲು ವೀಲ್ ಬ್ಯಾಲೆನ್ಸ್ ನೋಡ್ಸಿ.

ಶಬ್ದದ ವಿಷಯದಲ್ಲಿ ನಮ್ಮ ಡ್ರೈವರ್‌ಗಳು ಯಾವ ಪುಸ್ತಕಕ್ಕಿಂತ ಕಮ್ಮಿ ಇಲ್ಲ ಅನ್ಸುತ್ತೆ. ‘ಕಿರ್ರ್’ ಅಂದ್ರೆ ಬೆಲ್ಟು, ಅದರಲ್ಲೂ ಬೆಳಿಗ್ಗೆ ಇಬ್ಬನೀಲಿ ಸ್ಟಾರ್ಟ್ ಮಾಡಿ ತಿರುಗಿಸಿದಾಗ. ‘ಗುಂಯ್’ ಅಂದ್ರೆ ಆಯಿಲ್ ಕಮ್ಮಿ ಆಗಿ ಪಂಪು ಗಾಳಿ ಎಳ್ಕೊಳ್ತಿರೋದು, ಡಬ್ಬಿ ಮುಚ್ಚಳ ತೆಗೆದ್ರೆ ನೊರೆ ಕಾಣುತ್ತೆ. ‘ಲೊಟ್ ಲೊಟ್’ ಅಂದ್ರೆ ಟೈರಾಡ್ ಎಂಡು. ‘ಬುಸ್’ ಅನ್ನೋದು ಫುಲ್ ಕಟ್ ಹೊಡೆದು, ಅಂದ್ರೆ ಸ್ಟೇರಿಂಗ್ ಕೊನೇ ತುದಿವರೆಗೂ ತಿರುಗಿಸಿ, ಹಾಗೇ ಹಿಡ್ಕೊಂಡಾಗ ಬರೋದು. ಆಗ ಪ್ರೆಶರ್ ಸಾವಿರ ಪಿಎಸ್‌ಐ ದಾಟುತ್ತೆ, ರಿಲೀಫ್ ವಾಲ್ವ್ ತೆರ್ಕೊಂಡು ಆಯಿಲ್ ಅಲ್ಲಲ್ಲೇ ಸುತ್ತಿ ಬಿಸಿಯಾಗುತ್ತೆ. ಅದು ರಿಪೇರಿ ಅಲ್ಲ, ಹಾಗೆ ಹಿಡ್ಕೋಬಾರ್ದು ಅಷ್ಟೆ. ಚಾರ್ಮಾಡಿ ತಿರುವಲ್ಲಿ ಬಸ್ಸಿಗೆ ಜಾಗ ಬಿಡೋಕೆ ನಿಂತಾಗ ತುಂಬಾ ಜನ ಹಾಗೇ ಹಿಡ್ಕೊಂಡು ಕೂತಿರ್ತಾರೆ. ಈ ನಾಲ್ಕು ಶಬ್ದನೂ ಹಾಳೇಲಿ ಹಾಗೇ ಬರೀತೀನಿ, ‘ಕರ್ಕಶ ಧ್ವನಿ’ ಅಂತ ತಿದ್ದೋಕೆ ಯಾರೂ ಬರ್ಬೇಡಿ.

ಈಗ ಗಾಳಿ. ಆಯಿಲ್ ಒಳಗೆ ಏರ್ ಸೇರಿದ್ರೆ ‘ಏರ್ ಹಿಡ್ಕೊಂಡಿದೆ’, ಅದನ್ನ ಹೊರಗೆ ಹಾಕೋದು ‘ಏರ್ ತೆಗೆಯೋದು’. ಕನ್ನಡದಲ್ಲಿ ‘ಗಾಳಿ ಹಿಡಿದಿದೆ, ಗಾಳಿ ಬಿಡಿಸಿ’ ಅಂತ ಬರೆದು ಓದಿದ್ರೆ ಗ್ಯಾರೇಜಲ್ಲಿ ಇದ್ದೋರೆಲ್ಲ ನಕ್ಕರು, ಯಾವ ಮಂತ್ರವಾದಿ ಹತ್ರ ಹೋಗ್ಬೇಕು ಅಂತ. ಆದ್ರೂ ನಂಗೆ ಅದೇ ಇಷ್ಟ, ಮರೆಯಲ್ಲ ಅನ್ನೋ ಕಾರಣಕ್ಕೆ. ಮಾಡೋ ರೀತಿ ಹೀಗೆ ಬರೆದಿದೀನಿ: ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಇಂಜಿನ್ ಆಫ್ ಇದ್ದಂಗೇ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸ್ತಾ ಆಯಿಲ್ ಇಳಿದಂಗೆ ತುಂಬಿಸ್ತಾ ಹೋಗಿ, ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ ಇನ್ನೊಮ್ಮೆ. ಹಾಗೆ ಎತ್ತಿರೋವಾಗ ಇನ್ನೊಂದು ವಿಷಯನೂ ಗೊತ್ತಾಗುತ್ತೆ, ಇಂಜಿನ್ ಆಫಲ್ಲಿ, ಚಕ್ರ ನೆಲಕ್ಕೆ ತಾಗದೇ ಇದ್ರೂ ಎಲ್ಲಾದ್ರೂ ಕಚ್ಕೊಂಡ್ರೆ ತೊಂದರೆ ಜಾಯಿಂಟಲ್ಲೋ ರ‍್ಯಾಕಲ್ಲೋ ಇದೆ, ಪಂಪು ಬಿಚ್ಚೋ ಮುಂಚೆ ಅಲ್ಲಿ ನೋಡ್ಬೇಕು.

ನಿಜವಾಗ್ಲೂ ಭಯ ಇರೋದು ‘ಆಯಿಲ್’ ಅನ್ನೋ ಪದದ ಮೇಲೆ. ಇಂಜಿನ್ ಆಯಿಲ್, ಗೇರ್ ಆಯಿಲ್, ಸ್ಟೇರಿಂಗ್ ಆಯಿಲ್, ಬ್ರೇಕ್ ಆಯಿಲ್, ಎಲ್ಲಾ ಆಯಿಲ್ಲೇ. ಈ ಬ್ರೇಕ್ ಆಯಿಲ್ ಅನ್ನೋದು ಎಣ್ಣೆನೇ ಅಲ್ಲ, ಡಾಟ್ 3, ಡಾಟ್ 4 ಅಂತ ಬರೋದು ಗ್ಲೈಕಾಲ್ ಜಾತಿದು. ಅದನ್ನ ಸ್ಟೇರಿಂಗ್ ಡಬ್ಬಿಗೆ ಸುರಿದ್ರೆ ಸೀಲುಗಳು ಹಾಳಾಗ್ತವೆ, ಸ್ಟೇರಿಂಗ್ ಆಯಿಲ್ ಬ್ರೇಕಿಗೆ ಹೋದ್ರೂ ರಬ್ಬರ್ ಉಬ್ಬಿ ಬ್ರೇಕೇ ಕೈ ಕೊಡುತ್ತೆ. ಅಂಗಡೀಲಿ ‘ಅಣ್ಣ ಒಂದು ಆಯಿಲ್ ಡಬ್ಬಿ ಕೊಡಿ’ ಅಂದ್ರೆ ಯಾವುದು ಕೈಗೆ ಬರುತ್ತೋ. ಬ್ರೇಕಿಂದಕ್ಕಾದ್ರೂ ಆಯಿಲ್ ಅನ್ನದೇ ಬೇರೆ ಏನಾದ್ರೂ ಹೇಳ್ಬಹುದಾ? ದ್ರವ ಅಂದ್ರೆ ಯಾರೂ ತಿರುಗಿ ನೋಡಲ್ಲ. ನೀರು ಅಂದ್ರೆ ನೀರೇ ಹಾಕ್ಬಿಡ್ತಾರೆ. ಸದ್ಯಕ್ಕೆ ‘ಬ್ರೇಕ್ ಫ್ಲೂಯಿಡ್, ಇದು ಆಯಿಲ್ ಅಲ್ಲ’ ಅಂತ ಕೆಂಪಲ್ಲಿ ಬರೆದಿದೀನಿ.

ಮೋಟರ್ ಇಂದ ನಡೆಯೋ ಹೊಸ ಥರದ ಸ್ಟೇರಿಂಗಲ್ಲಿ ಸಾಮಾನ್ಯವಾಗಿ ಪಂಪೂ ಇಲ್ಲ ಆಯಿಲ್ಲೂ ಇಲ್ಲ, ಲೈಟ್ ಬಂದ್ರೆ ಬ್ಯಾಟರಿ, ಫ್ಯೂಸು ನೋಡಿ ಅಂತ ಒಂದು ಸಾಲು ಹಾಕಿ ಬಿಟ್ಟಿದೀನಿ.

ಹಾಸನ, ಬೇಲೂರು, ಸಕಲೇಶಪುರ, ಕಡೂರು ಕಡೆಯೋರು ಹೇಳಿ, ‘ರಿಟರ್ನ್ ಆಗಲ್ಲ’ ಅನ್ನೋದಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯಾ, ‘ಅಳ್ಳಕ’ ಎಲ್ಲರಿಗೂ ತಿಳಿಯುತ್ತಾ, ‘ಫುಲ್ ಕಟ್’ಗೆ ಬೇರೆ ಏನಾದ್ರೂ ಅಂತೀರಾ. ಎತ್ತಿನ ಗಾಡಿ ಹೊಡೆದೋರು ಮನೇಲಿದ್ರೆ ಅವರನ್ನೂ ಕೇಳಿ, ಗಾಡಿ ಒಂದು ಕಡೆ ಎಳೆಯೋದಕ್ಕೆ ಅವರ ಹತ್ರ ಪದ ಇದ್ದೇ ಇರುತ್ತೆ.